ಅಮರಗುಂಡಪ್ಪನವರ ಹಸಿ ಸೊಪ್ಪಿನ ವ್ರತ

ಮಸ್ಕಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅಮರಗುಂಡಪ್ಪನವರು ಹುಲಿಗೆ ಹೆದರುತ್ತಿರಲಿಲ್ಲ, ಯಾಕೆಂದರೆ ಮಸ್ಕಿಯಲ್ಲಿ ಹುಲಿ ಇರಲಿಲ್ಲ. ಉಳಿದದ್ದಕ್ಕೆಲ್ಲ ಹೆದರುತ್ತಿದ್ದರು. ಗುಡುಗಿದರೆ ಹೆದರಿಕೆ, ಹಲ್ಲಿ ಲೊಚಗುಟ್ಟಿದರೆ ಹೆದರಿಕೆ, ಖಾಕಿ ಟೋಪಿ ಕಂಡರಂತೂ ತಕ್ಕಡಿ ಹಿಡಿದ ಕೈ ನಡುಗಿ ಗಿರಾಕಿಗೆ ಬೆಲ್ಲ ಜಾಸ್ತಿ ಬೀಳುತ್ತಿತ್ತು. ಇಷ್ಟು ಹೆದರಿಕೆಗೆಲ್ಲ ಜಾಗ ಬೇಕಲ್ಲ ಎಂದು ದೇವರು ಅವರಿಗೆ ಅಷ್ಟು ದೊಡ್ಡ ಮೈ ಕೊಟ್ಟಿದ್ದ ಎಂದು ನಾವು ಕಟ್ಟೆಯ ಮೇಲೆ ಕೂತು ಆಡಿಕೊಳ್ಳುತ್ತಿದ್ದೆವು.

ಸಿಂಧನೂರಿನ ಕಡೆ ತುಂಗಭದ್ರೆಯ ಕಾಲುವೆ ಅಗೆಯುತ್ತಿದ್ದ ವರ್ಷ, ಶ್ರಾವಣದಲ್ಲಿ, ಅವರು ಲಿಂಗಸುಗೂರಿನ ಬೀಗರ ಮನೆಗೆ ಹೊರಟು ಮೋಟಾರು ಹತ್ತಲು ಹೋಗಿ ಬಾಗಿಲಲ್ಲಿ ಸಿಕ್ಕಿಕೊಂಡರು. ಕಂಡಕ್ಟರ್ ಒಳಗಿಂದ ಎಳೆದ, ಇಬ್ಬರು ಹಮಾಲರು ಹೊರಗಿಂದ ದಬ್ಬಿದರು. ಒಳಗಿದ್ದ ಮುದುಕಿಯೊಬ್ಬಳು, "ಮೊದಲ ಹೊಟ್ಟಿ ಬರಲಿ, ಆಮ್ಯಾಲ ಆಳು ಬರಲಿ" ಎಂದು ಸಲಹೆ ಕೊಟ್ಟಳು. ಅಂತೂ ಒಳಗೆ ಬಿದ್ದರು. ಆದರೆ ಎದೆ ಹೊಡೆದುಕೊಳ್ಳುತ್ತಿದ್ದದ್ದು ಲಿಂಗಸುಗೂರು ಬಂದರೂ ನಿಲ್ಲಲಿಲ್ಲ. ಬೀಗರ ಮನೆ ಬಿಟ್ಟು ಸೀದಾ ಡಾಕ್ಟರ ಹತ್ತಿರ ಹೋದರು.

ಡಾಕ್ಟರರು ಪಲ್ಟಣಿನಲ್ಲಿದ್ದು ನಿವೃತ್ತರಾದವರು. ಸಿಪಾಯಿಗಳಿಗೆ ಮಾತಾಡಿ ಮಾತಾಡಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಎದೆಗೆ ನಳಿಗೆ ಇಟ್ಟವರೇ ಗುಡುಗಿದರು:

"ದೇಖೋ ಸೇಟ್‌ಜೀ, ನಿಮ್ಮ ದಿಲ್ ಮ್ಯಾಲ ಚರಬಿ ಕುಂತೈತಿ. ತುಪ್ಪ ಬಂದ್. ಹೋಳಿಗಿ ಬಂದ್. ಅನ್ನ, ರೊಟ್ಟಿ ಎಲ್ಲಾ ಬಂದ್. ಮೂಲಂಗಿ, ಸವತಿಕಾಯಿ, ಹಕ್ಕರಿಕಿ, ಮೆಂತ್ಯೆ, ಎಲ್ಲಾ ಹಸೀದ ತಿನ್ರಿ. ಇಲ್ಲಾಂದ್ರ ನೀವು ದೀಪಾವಳಿ ನೋಡಂಗಿಲ್ಲ!"

ಈಗ ಒಂದು ವಿಷಯ ಹೇಳಬೇಕು. ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಸೊಪ್ಪು, ಹಸಿ ಉಳ್ಳಾಗಡ್ಡಿ ಕಡಿಯದ ಮನುಷ್ಯನೇ ಇಲ್ಲ. ಹಾಗೆ ಯಾರಾದರೂ ಇದ್ದರೆ ಅದು ಅಮರಗುಂಡಪ್ಪನವರೊಬ್ಬರೇ. ಹುಟ್ಟಿದಾಗಿನಿಂದ ಅವರಿಗೆ ಹಸಿಯದು ಸೇರದು. ತಾಟಿನ ಅಂಚಿನಲ್ಲಿ ಹಕ್ಕರಿಕೆ ಸೊಪ್ಪು ಕಂಡರೆ, "ದನದ ಪಾಲು ನಾವ್ಯಾಕ ಕಸಗೋಬೇಕು?" ಎಂದು ಪಕ್ಕಕ್ಕೆ ಸರಿಸುವರು. ಅಂಥವರಿಗೆ ಈ ಶಿಕ್ಷೆ. ಮಸ್ಕಿಗೆ ಮರಳುವಾಗ ಅವರ ಕಿವಿಯಲ್ಲಿ ಎರಡೇ ಮಾತು ಗುಂಯ್‌ಗುಡುತ್ತಿದ್ದವು. ಒಂದು ಮೂಲಂಗಿ, ಇನ್ನೊಂದು ದೀಪಾವಳಿ. ಯಾವುದು ಹೆಚ್ಚು ಭಯಂಕರ ಎಂದು ಅವರಿಗೆ ತೀರ್ಮಾನಿಸಲಾಗಲಿಲ್ಲ.

ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಹೆಂಡತಿ ಪಾರ್ವತೆಮ್ಮ ಅಳುತ್ತಾಳೆ. ಅವಳು ಅತ್ತರೆ ನೆರೆಯವರು ಬರುತ್ತಾರೆ. ಬಂದವರು ಸುಮ್ಮನೆ ಕೂರುವುದಿಲ್ಲ, ಇದೇ ಬೇನೆಯಿಂದ ಯಾರ್ಯಾರು ಹೇಗೆ ಹೇಗೆ ಸತ್ತರು ಎಂದು ಸಮಾಧಾನ ಹೇಳುತ್ತಾರೆ. ಅದನ್ನು ಕೇಳಿಯೇ ತಾನು ಸಾಯುವುದು ಖಂಡಿತ ಎಂದು ಅಮರಗುಂಡಪ್ಪನವರು ಬಾಯಿ ಹೊಲಿದುಕೊಂಡರು.

ಎರಡು ದಿನಕ್ಕೆ ಪಕ್ಕದ ಮನೆ ಸಂಗಮ್ಮನ ಮೊಮ್ಮಗಳ ತೊಟ್ಟಿಲ ಶಾಸ್ತ್ರ. ಪಂಕ್ತಿಯಲ್ಲಿ ಅಮರಗುಂಡಪ್ಪನವರ ಎಲೆಗೆ ಹೋಳಿಗೆ ಬಂತು. ಅವರು ಅಂಗೈ ಅಡ್ಡ ಹಿಡಿದರು. ಅವರ ಅಂಗೈ ಎಲೆಗೆ ಅಡ್ಡ ಬಂದದ್ದನ್ನು ಅದುವರೆಗೆ ಮಸ್ಕಿ ಕಂಡಿರಲಿಲ್ಲ.

"ಯಾಕ್ರೀ ಅಣ್ಣಾರ, ಮೈಯಾಗ ಆರಾಮಿಲ್ಲೇನು?" ಎಂದಳು ಸಂಗಮ್ಮ.

ಬೇನೆಯ ಮಾತು ಬಂದದ್ದೇ ತಡ, ಅಮರಗುಂಡಪ್ಪನವರ ಜೀವ ಹಾರಿತು. "ಛೇ ಛೇ, ನೇಮ ಹಿಡದೀನಿ. ಎಲ್ಲಾ ಬಿಟ್ಟೀನಿ" ಎಂದುಬಿಟ್ಟರು. ಹೋಳಿಗೆಯನ್ನು ನೋಡಿದರೆ ಮನಸ್ಸು ತಡೆಯದು ಎಂದು ಕಣ್ಣು ಮೇಲೆ ಮಾಡಿ ಆಕಾಶ ನೋಡಿದರು.

"ಎಲ್ಲಾ ಅಂದ್ರ?"

"ತುಪ್ಪ, ಅನ್ನ, ರೊಟ್ಟಿ... ಇನ್ನು ಬರೇ ಎಲಿ."

"ಎಲ್ಲೀತನಕ್ರೀ?"

"ದೀಪಾವಳಿತನಕ. ಆಮ್ಯಾಲ ಶಿವನ ಇಚ್ಛಾ."

ಈ ಕೊನೆಯ ಮಾತು ಹೇಳುವಾಗ ಡಾಕ್ಟರ ಗುಡುಗು ನೆನಪಾಗಿ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ಮುಗಿಯಿತು.

ನಮ್ಮಲ್ಲಿ ಒಂದು ನಂಬಿಕೆ. ಜೀವಂತ ಸಮಾಧಿಗೆ ಮನಸ್ಸು ಮಾಡಿದ ಶರಣರು ಮೊದಲು ತುಪ್ಪ ಬಿಡುತ್ತಾರೆ, ಆಮೇಲೆ ಅನ್ನ ಬಿಡುತ್ತಾರೆ, ಎಲೆ ತಿಂದು ದೇಹ ಹಗುರ ಮಾಡಿಕೊಂಡು, ಒಂದು ಹಬ್ಬ ಗೊತ್ತುಮಾಡಿ, ಕುಣಿಯೊಳಗೆ ಕೂತು ಶಿವನಲ್ಲಿ ಐಕ್ಯವಾಗುತ್ತಾರೆ. ಇಂಥವರನ್ನು ಕಣ್ಣಾರೆ ಕಂಡವರು ಮಸ್ಕಿಯಲ್ಲಿ ಒಬ್ಬರೂ ಇರಲಿಲ್ಲ. ಹಾಗಾಗಿ ಅದು ಹೇಗೆ ನಡೆಯುತ್ತದೆ ಎಂಬುದು ಪ್ರತಿಯೊಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಸಂಗಮ್ಮ ಹೋಳಿಗೆಯ ಬುಟ್ಟಿ ಕೆಳಗಿಟ್ಟು ಅಲ್ಲೇ ಅಡ್ಡಬಿದ್ದಳು.

ಮರುದಿನ ಬೆಳಿಗ್ಗೆ ಅಂಗಡಿಗೆ ಉಪ್ಪು ಒಯ್ಯಲು ಬಂದವರು ಉಪ್ಪು ಬಿಟ್ಟು ಕಾಲು ಹಿಡಿದರು. ಅಮರಗುಂಡಪ್ಪನವರಿಗೆ ಅರ್ಥವಾಗಲಿಲ್ಲ. ಆದರೆ ಹಿತವಾಯಿತು, ಅದನ್ನೇಕೆ ಮುಚ್ಚಿಡಬೇಕು? ಇಷ್ಟು ವರ್ಷ ತೂಕದಲ್ಲಿ ಮೋಸ ಎಂದು ಜಗಳವಾಡುತ್ತಿದ್ದ ಊರು, ನೇಮ ಹಿಡಿದ ಮಾತ್ರಕ್ಕೆ ಇಷ್ಟು ಮರ್ಯಾದೆ ಕೊಡುವುದಾದರೆ ಕೊಡಲಿ ಎಂದುಕೊಂಡರು.

ಸಂಜೆ ಕರಿಬಸಯ್ಯನವರು ಬಂದರು. ಊರಾಚೆ, ಸಂತೆಕಲ್ಲೂರಿನ ದಾರಿಗೆ ಅವರದೊಂದು ಸಣ್ಣ ಮಠ. ಮನುಷ್ಯ ಬಂಗಾರದಂಥವರು. ಅವರಿಗಿದ್ದದ್ದು ಒಂದೇ ಕೊರಗು. ಬೇರೆ ಮಠಗಳಲ್ಲಿ ಶರಣರ ಗದ್ದುಗೆ ಇದೆ, ತಮ್ಮಲ್ಲಿ ಇಲ್ಲ. ಗದ್ದುಗೆ ಎಂದರೆ ಕೆಳಗೆ ಒಬ್ಬ ಶರಣರು ಕೂತಿರಬೇಕು. ಯಾರೂ ಕೂರಲು ಒಪ್ಪಿರಲಿಲ್ಲ.

"ಹಾದಿ ಗಟ್ಟಿ ಮಾಡೀರೇನಪಾ?" ಎಂದು ಅಯ್ಯನವರು ಮೆಲ್ಲಗೆ ಕೇಳಿದರು.

ತೂಕ ಇಳಿಸುವ ಹಾದಿ ಎಂದುಕೊಂಡ ಅಮರಗುಂಡಪ್ಪನವರು, "ಗಟ್ಟಿ ಮಾಡೀನ್ರಿ. ಈ ದೇಹದ್ದು ಭಾಳ ಆತು" ಎಂದರು.

"ನಮ್ಮ ಮಠದಾಗ ಜಾಗಾ ಐತ್ರಿ. ಬೇವಿನ ಗಿಡದ ನೆಳ್ಳು ಐತಿ. ತಣ್ಣಗ ಕುಂದ್ರಬೌದು."

"ನಿಮ್ಮ ಆಶೀರ್ವಾದ. ಬರ್ತೀನ್ರಿ."

ಅಯ್ಯನವರು ಗದ್ಗದಿತರಾಗಿ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು. ತೆಳ್ಳಗಾಗುತ್ತೇನೆ ಎಂದರೆ ಇಷ್ಟು ಸಂತೋಷಪಡುವ ಗುರುಗಳು ಸಿಕ್ಕಿದರಲ್ಲ ಎಂದು ಅಮರಗುಂಡಪ್ಪನವರಿಗೂ ಕಣ್ಣು ತುಂಬಿತು.

ಇನ್ನು ಎಲೆ ತಿನ್ನುವ ವಿಚಾರ. ಮೊದಲ ದಿನ ಮೂಲಂಗಿ ಕಡಿದರು, ತೇಗು ಬಂತು. ಎರಡನೇ ದಿನ ಮೆಂತ್ಯೆ ಸೊಪ್ಪು ಬಾಯಿಗಿಟ್ಟರು, ಜೀವನದ ಮೇಲೆ ಜಿಗುಪ್ಸೆ ಬಂತು. ಮೂರನೇ ದಿನ ಮಾಲು ತರುವ ನೆಪದಲ್ಲಿ ಸಿಂಧನೂರಿಗೆ ಹೋದರು. ಅಲ್ಲಿ ಕಾಲುವೆಯ ಕೆಲಸಕ್ಕೆ ಬಂದ ಜನವೋ ಜನ, ಯಾರಿಗೆ ಯಾರ ಗುರುತೂ ಇಲ್ಲ. ಗುತ್ತಿಗೆದಾರರ ಹಿಂದೆಯೇ ಬಂದಿದ್ದ ತೆಲುಗಿನ ಗೋಪಣ್ಣ ಒಂದು ತಗಡಿನ ಹೋಟೆಲು ಹಾಕಿದ್ದ. ಅಂದಿನಿಂದ ಅಮರಗುಂಡಪ್ಪನವರು ಎರಡು ದಿನಕ್ಕೊಮ್ಮೆ ಅಲ್ಲಿಗೆ ಹೋಗಿ, ಮೂಲೆಯ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತು, ಪೂರಿ, ಮಿರ್ಚಿ, ಮೇಲೆ ತುಪ್ಪ ಸುರಿದ ಇಡ್ಲಿ ತಿಂದು, ಹೊರಬರುವಾಗ ಒಂದು ಸವತಿಕಾಯಿ ಕೊಂಡು ಕೈಯಲ್ಲಿ ಹಿಡಿದು ಮಸ್ಕಿಯಲ್ಲಿ ಇಳಿಯುತ್ತಿದ್ದರು. ಅಂಗಡಿಗೆ ಮಾಲು ಇಷ್ಟು ಮೇಲಿಂದ ಮೇಲೆ ಹಿಂದೆಂದೂ ಬೇಕಾಗಿರಲಿಲ್ಲ.

ಹೀಗಾಗಿ ಮೈ ಕೂದಲೆಳೆಯಷ್ಟೂ ಇಳಿಯಲಿಲ್ಲ. ಒಬ್ಬ ಸಾಮಾನ್ಯ ಮನುಷ್ಯನ ವಿಷಯದಲ್ಲಾಗಿದ್ದರೆ ಊರಿಗೆ ಅನುಮಾನ ಬರುತ್ತಿತ್ತು. ಶರಣರ ವಿಷಯದಲ್ಲಿ ಅನುಮಾನ ಪಡುವುದು ಪಾಪ. "ಎರಡು ತಿಂಗಳಾತು ಬರೇ ಎಲಿ ಮ್ಯಾಲ ಅದಾರ. ಮೈ ನೋಡ್ರಿ, ಒಂದು ತಟಗ ಕರಗಿಲ್ಲ! ಇದು ಶಿವಕಳೀನ ಹೌದು" ಎಂದು ಸಂಗಮ್ಮ ಓಣಿ ಓಣಿ ಸಾರಿದಳು. ಗೊರೇಬಾಳ, ತುರ್ವಿಹಾಳದಿಂದ ಚಕ್ಕಡಿ ಕಟ್ಟಿಕೊಂಡು ಜನ ಬರತೊಡಗಿದರು. ಬಂದವರು ಅವರ ಹೊಟ್ಟೆಯನ್ನು ನೋಡಿ ಕೈ ಮುಗಿಯುತ್ತಿದ್ದರು.

ದೀಪಾವಳಿ ಹತ್ತಿರ ಬಂದಾಗ ಗದ್ದೆಪ್ಪ ಅಂಗಡಿಗೆ ಬಂದ. ಕಾಲುವೆ ಅಗೆಯುವುದರಲ್ಲಿ ಎತ್ತಿದ ಕೈ. ಕಾಲು ಹಿಡಿದು ನಮಸ್ಕರಿಸಿ, ಹುರಿಯೊಂದನ್ನು ತೆಗೆದು ಅಮರಗುಂಡಪ್ಪನವರ ಪಾದ ಅಳೆಯತೊಡಗಿದ. ಭಕ್ತರು ಯಾರೋ ಹೊಸ ಚಪ್ಪಲಿ ಹೊಲಿಸುತ್ತಿದ್ದಾರೆ ಎಂದು ಇವರು ಕಾಲು ಸಲೀಸಾಗಿ ಮುಂದೆ ಚಾಚಿದರು.

"ಮುಂದ ಸ್ವಲ್ಪ ಚೂಪ ಇರಲೋ ಗದ್ದೆಪ್ಪ. ನಡದ್ರ ಕಿರ್ ಕಿರ್ ಅನಬೇಕು ನೋಡು."

ಗದ್ದೆಪ್ಪ ತಲೆ ಕೆರೆದುಕೊಂಡ. "ಚೂಪ ಬ್ಯಾಡ್ರೀ ಯಪ್ಪಾ, ಮೂಲಿ ಕುಸೀತಾವ. ಚೌಕ ಹೊಡೀತೀನಿ. ಒಂಬತ್ತು ಪಾದ ಉದ್ದ, ಐದು ಪಾದ ಅಗಲ, ಒಳಗ ಕುಂದ್ರಾಕ ಗೂಡು. ನೆಲಾ ಹದಾ ಐತ್ರಿ, ಮಠದ ಬೇವಿನ ಗಿಡದ ಬುಡಕ್ಕ ಕಲ್ಲ ಹತ್ತಿಲ್ಲ."

ನಮ್ಮ ಜನರಲ್ಲಿ ಸಮಾಧಿಯ ಕುಣಿಯನ್ನು ಗಜಕಡ್ಡಿಯಿಂದ ಅಳೆಯುವುದಿಲ್ಲ, ಒಳಗೆ ಕೂರುವವರ ಪಾದದಿಂದಲೇ ಅಳೆಯುತ್ತಾರೆ. ಅದು ಅಮರಗುಂಡಪ್ಪನವರಿಗೂ ಗೊತ್ತಿತ್ತು. ಒಂಬತ್ತು ಪಾದ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮೂರು ತಿಂಗಳ ನಮಸ್ಕಾರಗಳೆಲ್ಲ ಒಟ್ಟಿಗೆ ಅರ್ಥವಾದವು. ಚಾಚಿದ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲೂ ಬಲ ಬರಲಿಲ್ಲ. ಗದ್ದೆಪ್ಪ ಇನ್ನೊಂದು ಪಾದವನ್ನೂ ಅಳೆದು, ಹುರಿಗೆ ಗಂಟು ಹಾಕಿಕೊಂಡು ಹೋದ.

ಅಂಗಡಿ ತೆರೆದಿಟ್ಟೇ ಮನೆಗೆ ಓಡಿದರು. ಪಾರ್ವತೆಮ್ಮ ನಡುಮನೆಯಲ್ಲಿ ಕೂತು ಹೊಸ ಕಾವಿಬಟ್ಟೆಗೆ ಅಂಚು ಹೊಲಿಯುತ್ತಿದ್ದಳು. ಕಣ್ಣು ಊದಿಕೊಂಡಿದ್ದವು.

"ಪಾರ್ವತೀ! ನಾ ಸಾಯಂಗಿಲ್ಲ!"

"ಹೌದ್ರೀ. ಶರಣರು ಸಾಯಂಗಿಲ್ಲ, ಐಕ್ಯ ಆಗ್ತಾರ. ಅಯ್ಯನೋರು ಹೇಳ್ಯಾರ."

"ಹಂಗಲ್ಲ ಬೇ! ನನಗ ಬದುಕೋದೈತಿ!"

"ಕೊನಿಗೆ ಹಂಗ ಮಾಯೆ ಎಳೀತೈತಂತ. ನಾ ಅಡ್ಡ ಬಂದ್ರ ನಿಮ್ಮ ತಪಾ ಕೆಡತೈತಂತ. ಅದಕ್ಕ ನಾ ನಿಮ್ಮ ಮುಂದ ಅಳೋದೂ ಬಿಟ್ಟೀನಿ." ಹೀಗೆಂದವಳು ಕಾವಿಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಮನೆಯಲ್ಲಿ ನಡೆಯದಿದ್ದರೆ ಸರಕಾರವಿದೆಯಲ್ಲ! ಜೀವ ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ. ಹುಟ್ಟಿದಾಗಿನಿಂದ ಖಾಕಿ ಕಂಡರೆ ಬೆವರುತ್ತಿದ್ದ ಅಮರಗುಂಡಪ್ಪನವರು, ಆ ದಿನ ತಾವಾಗಿಯೇ ಪೊಲೀಸ್ ಅಮೀನ ಚಾಂದ್‌ಪಾಷಾ ಅವರ ಮನೆಗೆ ಹೋಗಿ ಕೈ ಮುಗಿದು ನಿಂತರು.

"ಸರ್ಕಾರ್, ನನ್ನ ಗಿರಫ್ತಾರ ಮಾಡ್ರಿ. ದೀಪಾವಳಿ ಮುಗಿಯೋತನಕ ಜೇಲಿನಾಗ ಹಾಕ್ರಿ."

ಅಮೀನರು ಗಾಬರಿಯಿಂದ ಎದ್ದು ಕುರ್ಚಿ ಕೊಟ್ಟರು. "ತೋಬಾ ತೋಬಾ! ನಿಮ್ಮಂಥ ಪೀರ್ ಲೋಗರಿಗೆ ನಾ ಬೇಡಿ ಹಾಕಲ್ಯಾ? ಹಾಕಿದ ಕೈ ಉಳಿತಾವೇನ್ರಿ? ಬಂದೋಬಸ್ತ್ ಪೂರಾ ನಂದು. ಮಂದಿ ನೂಕಾಟ ಆಗದಂಗ ಆರು ಜವಾನರನ್ನ ಕುಣಿ ಸುತ್ತ ನಿಂದ್ರಸ್ತೀನಿ. ನೀವು ಬೇಫಿಕರ್ ಕುಂದರ್ರಿ."

"ಕುಂದ್ರಾಕ ಒಲ್ಲೆ ಅಂತನ ಬಂದೀನ್ರೀ!"

"ಏನ್ ನಮ್ರತಾ!" ಎಂದು ಅಮೀನರು ಬೆರಗಾದರು. ಆಮೇಲೆ ದನಿ ತಗ್ಗಿಸಿ, "ಒಂದು ಅರ್ಜ್ ಐತ್ರಿ. ನನ್ನ ಮನಿಯವ್ರು ಗುಲಬರ್ಗಾದಾಕಿ. ಹೋಗೂ ಮುಂಚೆ ನನ್ನ ಬದಲಿ ಅಲ್ಲಿಗೆ ಆಗಲಿ ಅಂತ ಒಂದು ಮಾತು ಮ್ಯಾಲೆ ಹಾಕ್ರಿ" ಎಂದರು.

ಅಮರಗುಂಡಪ್ಪನವರು ಮರಳಿ ಬಂದರು. ಡಾಕ್ಟರು ಕೊಟ್ಟ ಗಡುವೂ ದೀಪಾವಳಿಯೇ, ಹೇಳಿದರೆ ಶಿವನೇ ಕರೆದಿದ್ದಾನೆ ಎನ್ನುತ್ತಾರೆ ಎಂದು ಬೇನೆಯ ಮಾತನ್ನು ಎಲ್ಲೂ ಎತ್ತಲಿಲ್ಲ. ಅಂಗಡಿಯಲ್ಲಿ ಅಯ್ಯನವರ ಕಡೆಯ ಜನ ಉಪ್ಪಿನ ಚೀಲ, ವಿಭೂತಿಗಟ್ಟಿ, ಕರ್ಪೂರ ಕಟ್ಟಿಕೊಳ್ಳುತ್ತಿದ್ದರು. ಯಾರಿಗೆ ಎಂದು ಅವರು ಕೇಳಲಿಲ್ಲ.

ಸೊಪ್ಪು ಮಾಡಲಾರದ್ದನ್ನು ಹೆದರಿಕೆ ಮಾಡಿತು. ಅಂದಿನಿಂದ ಅವರಿಗೆ ಗಂಟಲಲ್ಲಿ ಒಂದು ತುತ್ತೂ ಇಳಿಯಲಿಲ್ಲ. ಸಿಂಧನೂರಿಗೆ ಹೋಗೋಣವೆಂದರೆ ಮೋಟಾರು ನಿಲ್ಲುವಲ್ಲಿ ಭಜನೆಯವರು ಹಾರ ಹಿಡಿದು ಕಾಯುತ್ತಿದ್ದರು. ಕೆನ್ನೆ ಜೋತುಬಿದ್ದವು, ಧೋತರ ಜಾರತೊಡಗಿತು. ಅದನ್ನು ನೋಡಿ ಊರಿನವರು, "ಆತು, ಹೊಂಟ್ರು" ಎಂದು ದಿನ ಗಟ್ಟಿಮಾಡಿದರು. ದೀಪಾವಳಿ ಕಳೆದ ಮೊದಲ ಸೋಮವಾರ.

ಆ ಸೋಮವಾರ ಕಾವಿ ಉಡಿಸಿ, ವಿಭೂತಿ ಬಳಿದು, ಇಬ್ಬರು ರಟ್ಟೆ ಹಿಡಿದು ನಡೆಸಿಕೊಂಡು ಹೋದರು. ರಟ್ಟೆ ಹಿಡಿದದ್ದು ಗೌರವಕ್ಕೆ ಎಂದು ಊರು ತಿಳಿದಿತ್ತು. ಬಿಟ್ಟಿದ್ದರೆ ಅವರು ಅಲ್ಲೇ ಕುಸಿಯುತ್ತಿದ್ದರು. ಬೇವಿನ ಗಿಡದ ಕೆಳಗೆ ಗದ್ದೆಪ್ಪನ ಕುಣಿ ಕಂಡಿತು. ನೀಟಾದ ನಾಲ್ಕು ಮೂಲೆ, ಒಳಗೆ ಒಂದು ಗೂಡು, ಗೂಡಿನಲ್ಲಿ ಹೂವು. ಗದ್ದೆಪ್ಪ ಹೆಮ್ಮೆಯಿಂದ, "ನೋಡ್ರೀ ಯಪ್ಪಾ, ಒಂದು ಹೆಂಟಿ ಉದುರಂಗಿಲ್ಲ" ಎಂದ.

ಹಸಿಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ಅಮರಗುಂಡಪ್ಪನವರ ಬಾಯಿಂದ ಕೂಗು ಕಿತ್ತುಕೊಂಡು ಬಂತು.

"ನಾ ಶರಣ ಅಲ್ಲ! ಕಳ್ಳ ಅದೀನಿ! ತಿಂದೀನಿ! ಎಲ್ಲಾ ತಿಂದೀನಿ! ಪೂರಿ ತಿಂದೀನಿ, ಮಿರ್ಚಿ ತಿಂದೀನಿ!"

ಜನ ಉಘೇ ಎಂದರು. ಕರಿಬಸಯ್ಯನವರು ಕೈಯೆತ್ತಿ, "ಕೇಳ್ರಪಾ, ಶರಣರ ಕಿಂಕರತ್ವ ಅಂದ್ರ ಇದು. ತಮ್ಮನ್ನ ತಾವ ಹಳೀತಾರ" ಎಂದು ವಿವರಿಸಿದರು.

"ಸುಳ್ಳಲ್ರೀ! ಸಿಂಧನೂರಿನ ಗೋಪಣ್ಣನ ಹೋಟೆಲಿನಾಗ! ಅಗಾ, ಅಲ್ಲೇ ನಿಂತಾನ! ಗೋಪಣ್ಣಾ, ಹೇಳಪಾ! ಈ ಜೀವ ನಿನ್ನ ಕೈಯಾಗ ಐತಿ!"

ಹೌದು, ಗೋಪಣ್ಣನೂ ಸಮಾಧಿ ನೋಡಲು ಬಂದಿದ್ದ. ಬಂದ ಮೇಲೆಯೇ ಅವನಿಗೆ ತನ್ನ ಮೂಲೆ ಬೆಂಚಿನ ಗಿರಾಕಿ ಯಾರು ಎಂದು ತಿಳಿದದ್ದು. ಸಾವಿರ ಜನ ತಿರುಗಿ ಅವನನ್ನೇ ನೋಡಿದರು. ಗೋಪಣ್ಣ ನಿಯತ್ತಿನ ಮನುಷ್ಯ. ಉಂಡ ಗಿರಾಕಿಯ ಮಾನ ಕಳೆಯುವ ಕುಲದವನಲ್ಲ. ಎದೆ ಮುಟ್ಟಿಕೊಂಡು ಕೂಗಿದ: "ಲೇದು ಸ್ವಾಮೀ! ಮಾ ಹೋಟೆಲ್‌ಲೋ ಮೀರು ಮಂಚಿನೀಳ್ಳು ಕೂಡಾ ತಾಗಲೇದು!" ಕನ್ನಡದವರಿಗೆ ಅರ್ಥವಾಗಲಿ ಎಂದು, "ನೀರು ಕೂಡಾ ಕುಡದಿಲ್ರೀ! ದೇವರಾಣಿ!" ಎಂದೂ ಸೇರಿಸಿದ. ಆಮೇಲೆ ಅಮರಗುಂಡಪ್ಪನವರಿಗೆ ಮಾತ್ರ ಕಾಣುವಂತೆ, ಹೆದರಬೇಡಿ, ಕಾಪಾಡಿದ್ದೇನೆ ಎಂದು ಕಣ್ಣು ಮಿಟುಕಿಸಿದ.

ಅಮರಗುಂಡಪ್ಪನವರು ಓಡಲು ದಾರಿ ಹುಡುಕಿದರು. ಅಮೀನರ ಜವಾನರು ಸುತ್ತ ನಿಂತಿದ್ದರು, ಓಡುವ ಹಾಗಿರಲಿಲ್ಲ. ಒಬ್ಬ ಸಮಾಧಿಯೊಳಗೆ ತುಂಬುವ ಉಪ್ಪಿನ ಚೀಲದ ಬಾಯಿ ಬಿಚ್ಚಿದ. ಆಗ ಗಾಳಿ ಈ ಕಡೆ ತಿರುಗಿ, ದಾಸೋಹಕ್ಕೆಂದು ಬೇವಿನ ಗಿಡದ ಆಚೆ ಒಟ್ಟಿಟ್ಟಿದ್ದ ಹೋಳಿಗೆಯ ವಾಸನೆ ತಂದಿತು. ವಾರದಿಂದ ತುತ್ತೂ ಇಳಿಯದಿದ್ದ ಗಂಟಲು ತೆರೆಯಿತು. ರಟ್ಟೆ ಹಿಡಿದವರನ್ನು ಕೊಡವಿಕೊಂಡು, ಹೋಳಿಗೆಯ ಬುಟ್ಟಿಯ ಮುಂದೆ ಧೊಪ್ಪನೆ ಕೂತು ಎರಡೂ ಕೈಯಿಂದ ತಿನ್ನತೊಡಗಿದರು.

"ಕಡೇ ಪ್ರಸಾದ, ಯಾರೂ ಮುಟ್ಟಬ್ಯಾಡ್ರಿ" ಎಂದರು ಅಯ್ಯನವರು.

ಜನ ಕೈಮುಗಿದು ನೋಡಿದರು. ಒಂದು ಹೋಳಿಗೆ ಹೋಯಿತು, ಇನ್ನೊಂದು ಹೋಯಿತು, ಆಮೇಲೆ ಎಣಿಸುವವರು ಎಣಿಸುವುದನ್ನು ಬಿಟ್ಟರು. ಅಮರಗುಂಡಪ್ಪನವರು ಅಳುತ್ತಿದ್ದರು, ಅಗಿಯುತ್ತಿದ್ದರು. ಸಂಗಮ್ಮ ಭಕ್ತಿಯಿಂದ ತುಪ್ಪದ ಗಿಂಡಿ ತಂದು ಒಂದು ಧಾರೆ ಬಿಟ್ಟಳು. ಅವರು ತಲೆಯೆತ್ತಲಿಲ್ಲ. ತುಂಬಿದ ಬಾಯಿಯಿಂದಲೇ, "ಇನ್ನ ಚೂರು ಹಾಕು" ಎಂದರು.

ಹೆಂಗಸರ ಗುಂಪಿನ ನಡುವೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದ ಪಾರ್ವತೆಮ್ಮ ಸೆರಗು ತೆಗೆದಳು. ಮುಂದೆ ಬಂದು ಗಂಡನ ಮುಖವನ್ನು ಬಗ್ಗಿ ನೋಡಿದಳು. ಈ ಮುಖದ ಮುಂದೆ ಅವಳು ಇಪ್ಪತ್ತು ವರ್ಷ ತಾಟು ಇಟ್ಟವಳು.

"ಮಣ್ಣು ಮುಚ್ಚೋರು ದೂರ ಸರೀರಿ!" ಎಂದಳು. "ಇವ್ರು ಎಲ್ಲೂ ಹೋಗಂಗಿಲ್ಲ. ಸಾಯಾಕ ಬಂದ ಮನಷ್ಯಾ ಎರಡನೇ ಸಲ ತುಪ್ಪ ಕೇಳಂಗಿಲ್ಲ!"

ಗುಂಪಿನ ಹಿಂದೆ ಯಾರೋ ಕಿಸಕ್ಕೆಂದರು. ನಗೆ ಮುಂದಕ್ಕೆ ಹರಿದು ಬಂತು. ತುರ್ವಿಹಾಳದವರಿಗೆ ಮಾತ್ರ ಸಿಟ್ಟು ಬಂತು, ಅಷ್ಟು ದೂರದಿಂದ ಚಕ್ಕಡಿ ಕಟ್ಟಿದ್ದರಲ್ಲ. ಅಮೀನರು ಮುಖ ಸಣ್ಣದು ಮಾಡಿಕೊಂಡು ಜವಾನರನ್ನು ಕರೆದುಕೊಂಡು ಹೊರಟರು. ಕರಿಬಸಯ್ಯನವರು ಕುಣಿಯ ದಂಡೆಯಲ್ಲಿ ಕೂತು ಬಹಳ ಹೊತ್ತು ಒಳಗೆ ನೋಡಿದರು. ಗದ್ದೆಪ್ಪ ಅವರ ಪಕ್ಕದಲ್ಲಿ ಕೂತು, "ತಳದಾಗ ತೇವ ಬಂದೈತ್ರೀ ಅಯ್ಯನೋರ. ಇನ್ನೆರಡು ಆಳುದ್ದ ಇಳದ್ರ ನೀರ ಬೀಳ್ತೈತಿ, ಮಠಕ್ಕ ಒಂದು ಬಾವಿ ಆಕ್ಕೈತಿ" ಎಂದು ಸಮಾಧಾನ ಮಾಡಿದ.

ಮನೆಯ ಬಾಗಿಲು ಹಾಕಿದ ಮೇಲೆ ಪಾರ್ವತೆಮ್ಮ ಕೇಳಿದಳು, "ಈಗ ಖರೇ ಹೇಳ್ರಿ."

ಅಮರಗುಂಡಪ್ಪನವರು ಹೇಳಿದರು. ಮೋಟಾರಿನ ಬಾಗಿಲು, ಡಾಕ್ಟರು, ಎದೆಯ ಮೇಲಿನ ಚರಬಿ, ಎಲ್ಲ ಹೇಳಿದರು.

"ನಿಮ್ಮ ಕಾವಿ ನಾನ ಹೊಲದೀನಿ" ಎಂದಳು ಅವಳು. "ಒಂದೊಂದು ಹೊಲಿಗಿಗೂ ನನ್ನ ಜೀವಾ ಹೋಗ್ಯದ. ಒಂದು ಮಾತು ಹೇಳಾಕ ನಿಮಗ ಬಾಯಿ ಇರಲಿಲ್ಲೇನು?"

"ಹೆದರಿಕಿ ಆಗಿತ್ತು."

"ಯಾವುದಕ್ಕ?"

"ಸಾಯೋದಕ್ಕ" ಎಂದರು ಅಮರಗುಂಡಪ್ಪನವರು. ಅಷ್ಟು ದೊಡ್ಡ ದೇಹದಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ಅವಳು ಕೇಳಿರಲಿಲ್ಲ.

ಪಾರ್ವತೆಮ್ಮ ಎದ್ದು ಹಿತ್ತಲಿಗೆ ಹೋಗಿ ಬಂದಳು. ತಾಟಿನ ತುಂಬ ಮೂಲಂಗಿ, ಹಕ್ಕರಿಕೆ, ಹಸಿ ಮೆಂತ್ಯೆ. ಗಂಡನ ಮುಂದೆ ಇಟ್ಟು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

"ತಿನ್ರಿ."

"ಪಾರ್ವತೀ, ಇದು ನನಗ ಸೇರಂಗಿಲ್ಲ."

"ನನಗೂ ಕುಂಕುಮ ಒರಸ್ಕೊಳ್ಳಾಕ ಸೇರಂಗಿಲ್ಲ. ತಿನ್ರಿ."

ಅಮರಗುಂಡಪ್ಪನವರು ಹೆಂಡತಿಯ ಮುಖ ನೋಡಿದರು, ತಾಟು ನೋಡಿದರು, ಮತ್ತೆ ಹೆಂಡತಿಯ ಮುಖ ನೋಡಿದರು. ಆಮೇಲೆ ಒಂದು ಮೂಲಂಗಿ ಎತ್ತಿಕೊಂಡು ಕಣ್ಣು ಮುಚ್ಚಿ ಕಡಿದರು.